ಹಾಲು ಉಕ್ಕುವ ಮುಂಚೆ: ಬೆಂಗಳೂರಿನ ಗಡಿಬಿಡಿಯಲ್ಲಿ ಮನಸ್ಸಿಗೆ ಜಾಗ ಮಾಡಿಕೊಳ್ಳುವುದು ಹೇಗೆ

ಬೆಳಗ್ಗೆ ಆರೂಕಾಲು. ಒಲೆ ಮೇಲೆ ಅರ್ಧ ಲೀಟರ್ ಹಾಲಿಟ್ಟು ಫೋನ್ ತೆಗೆದೆ. ಆಫೀಸಿನ ಒಂದು ಮೇಲ್. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ನೀರಿನ ಟ್ಯಾಂಕರ್ ಬಗ್ಗೆ ಜಗಳ. ಚಿಕ್ಕಪ್ಪ ಕಳಿಸಿದ ಗುಲಾಬಿ ಹೂವಿನ ಶುಭೋದಯ. ಸೀದ ವಾಸನೆ ಮೂಗಿಗೆ ಬಡಿದಾಗ ತಲೆ ಎತ್ತಿದೆ. ಅರ್ಧ ಹಾಲು ಬರ್ನರ್ ಮೇಲಿತ್ತು. ಆ ವಾರದಲ್ಲಿ ಅದು ಮೂರನೇ ಸಲ. "ಏನೋ, ಹಾಲು ನೋಡ್ತಿದ್ಯೋ, ಫೋನ್ ನೋಡ್ತಿದ್ಯೋ?" ಅಂದರು ಅಮ್ಮ. ಗೃಹಪ್ರವೇಶದ ದಿನ ಹಾಲು ಉಕ್ಕಿದರೆ ಶುಭ. ಮಿಕ್ಕ ದಿನ ಉಕ್ಕಿದರೆ ಒಲೆ ಒರೆಸುವ ಕೆಲಸ, ಅಷ್ಟೇ.

ತಮಾಷೆ ಅಂದರೆ, ನಾನು ಬದಲಾಗಬೇಕು ಅಂತ ಭಾರೀ ಏರ್ಪಾಡು ಮಾಡಿಕೊಂಡಿದ್ದ ತಿಂಗಳು ಅದು. ಹೊಸ ವರ್ಷಕ್ಕೆ ದಪ್ಪ ಡೈರಿ ತಂದಿದ್ದೆ. ಧ್ಯಾನದ ಆ್ಯಪ್‌ಗೆ ಒಂದು ವರ್ಷದ ದುಡ್ಡು ಕಟ್ಟಿದ್ದೆ. ಐದು ಗಂಟೆಗೆ ಅಲಾರಂ ಇಟ್ಟಿದ್ದೆ. ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಮೂರೂ ಮೂಲೆ ಸೇರಿದ್ದವು. ಬೇಗ ಏಳುವುದು ತಪ್ಪು ಅಂತಲ್ಲ. ಆದರೆ ರಾತ್ರಿ ಒಂಬತ್ತೂವರೆಗೆ ಮನೆ ಸೇರಿ, ಹನ್ನೊಂದೂವರೆಗೆ ಮಲಗುವವನು ಐದಕ್ಕೆ ಎದ್ದರೆ ಸಿಗುವುದು ಶಾಂತಿಯಲ್ಲ, ತೂಕಡಿಕೆ.

ಕೊನೆಗೆ ನನ್ನಲ್ಲಿ ಉಳಿದದ್ದು ಆ ಡೈರಿಯೂ ಅಲ್ಲ, ಆ್ಯಪೂ ಅಲ್ಲ. ಹಾಲಿನ ಮುಂದೆ ಸುಮ್ನೆ ನಿಲ್ಲುವ ಐದು ನಿಮಿಷ. ಅಲ್ಲಿಂದ ಒಂದೊಂದಾಗಿ ಬೇರೆ ಕೆಲವು ಸೇರಿಕೊಂಡವು. ಯಾವುದಕ್ಕೂ ದಿನದಲ್ಲಿ ಹೊಸದಾಗಿ ಸಮಯ ಹುಡುಕಬೇಕಿಲ್ಲ. ಹೇಗಿದ್ದರೂ ಕಾಯುತ್ತಾ ನಿಂತಿರುವ ಹೊತ್ತಿನಲ್ಲೇ ಮಾಡುವಂಥವು. ಈ ಊರಲ್ಲಿ ಕಾಯುವ ಹೊತ್ತಿಗೇನು ಬರವಾ?

ಮೊದಲು ಗೂಟ ಹುಡುಕಿ

ಹೊಸ ಅಭ್ಯಾಸ ಅನ್ನುವುದು ಕರುವಿದ್ದ ಹಾಗೆ. ಸುಮ್ನೆ ಬಿಟ್ಟರೆ ಎಲ್ಲೋ ಹೋಗುತ್ತದೆ. ಗಟ್ಟಿ ಗೂಟಕ್ಕೆ ಕಟ್ಟಬೇಕು. ನೀವು ಈಗಾಗಲೇ ದಿನಾ ಮಾಡುವ ಕೆಲಸವೇ ಆ ಗೂಟ. ಗ್ಯಾಸ್ ಹಚ್ಚುವುದು, ಚಪ್ಪಲಿ ಹಾಕುವುದು, ಗಾಡಿ ಕೀ ತಿರುಗಿಸುವುದು, ಬಾಗಿಲ ಚಿಲಕ ಹಾಕುವುದು.

ಒಂದು ಚೀಟಿ ತೆಗೆದುಕೊಂಡು ಹೀಗೆ ಒಂದು ಸಾಲು ಬರೆಯಿರಿ: "ಒಲೆ ಮೇಲೆ ಹಾಲಿಟ್ಟ ತಕ್ಷಣ ಫೋನನ್ನು ಹಾಲ್‌ನಲ್ಲಿಟ್ಟು ಬರುತ್ತೇನೆ." ಮೊದಲ ಅರ್ಧ ಹಳೆಯದು, ಎರಡನೇ ಅರ್ಧ ಹೊಸದು. "ಸಂಜೆ ಫ್ರೀ ಆದಾಗ ವಾಕಿಂಗ್ ಹೋಗ್ತೀನಿ" ಅಂತ ಬರೆದರೆ ಕೆಲಸಕ್ಕೆ ಬಾರದು. ಆ ಫ್ರೀ ಅನ್ನುವ ಗೂಟ ಬೆಂಗಳೂರಿನಲ್ಲಿ ಯಾರಿಗೂ ಸಿಕ್ಕಿಲ್ಲ.

ಒಂದು ಸಲಕ್ಕೆ ಒಂದೇ ಅಭ್ಯಾಸ. ಇಪ್ಪತ್ತೊಂದು ದಿನ ಮಾಡಿದರೆ ರೂಢಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಹರಡಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಮಾತಿನಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ 21 ದಿನ ಬೇಕು ಅಂತ ಅವರು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆಯೆಂದರೂ" ಉದುರಿಹೋಯಿತು, 21 ಉಳಿಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರನ್ನು ಇಟ್ಟುಕೊಂಡು ಇದನ್ನೇ ಅಳೆದರು. 2010ರಲ್ಲಿ ಅಚ್ಚಾದ ಆ ಲೆಕ್ಕದ ಪ್ರಕಾರ ಒಂದು ಅಭ್ಯಾಸ ತಾನಾಗೇ ನಡೆಯುವಂತಾಗಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕಾದೀತು. ಹಾಗಾಗಿ ಯುಗಾದಿಗೆ ಶುರು ಮಾಡಿದ್ದು ನಾಗರಪಂಚಮಿಗೆ ಕೂತರೂ ಗಾಬರಿಯಾಗಬೇಡಿ.

ಹಾಲಿನ ಮುಂದೆ ಐದು ನಿಮಿಷ

ನನ್ನ ಮಟ್ಟಿಗೆ ಇದೇ ತಾಯಿಬೇರು. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಫೋನ್ ಜೇಬಿನಲ್ಲಿದ್ದರೆ ಆಗುವುದಿಲ್ಲ. ಬೇರೆ ಕೋಣೆಯಲ್ಲಿರಲಿ. ಒಲೆ ಹಚ್ಚಿ. ಕಟ್ಟೆ ಮೇಲೆ ಅಂಗೈ ಊರಿ ನಿಲ್ಲಿ. ಬೆಳಗಿನ ಕಡಪಾ ಕಲ್ಲು ತಣ್ಣಗಿರುತ್ತದೆ, ಅದು ಗೊತ್ತಾಗಲಿ. ಆಮೇಲೆ ಹಾಲು ನೋಡಿ. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು. ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತದೆ. ಹಾಲಿನ ಪ್ರೋಟೀನು, ಕೊಬ್ಬು ಸೇರಿ ಆಗುವ ಪೊರೆ ಅದು. ಕೆಳಗಿಂದ ಏಳುವ ಆವಿ ಅದರಡಿ ಸಿಕ್ಕಿಕೊಳ್ಳುತ್ತದೆ, ಹೊರಗೆ ದಾರಿ ಸಿಗದೆ ಪೊರೆಯನ್ನೇ ಎತ್ತಿಕೊಂಡು ಮೇಲೇರುತ್ತದೆ. ನೀರು ಕುದಿಯುತ್ತದೆ, ಹಾಲು ಉಕ್ಕುತ್ತದೆ ಅನ್ನುವುದು ಇದಕ್ಕೇ. ನಲವತ್ತು ದಾಟಿದ ಮೇಲೆ ನಾನು ಇದನ್ನು ಮೊದಲ ಸಲ ಸರಿಯಾಗಿ ನೋಡಿದೆ.

ಮಧ್ಯೆ ಮನಸ್ಸು ಆಫೀಸಿಗೆ ಹೋಗುತ್ತದೆ. ಮಗಳ ಫೀಸಿಗೆ ಹೋಗುತ್ತದೆ. ಹೋಗಲಿ, ಬೈಯಬೇಡಿ. ಹೋಗಿದ್ದು ಗೊತ್ತಾದ ಕೂಡಲೇ ಮತ್ತೆ ಪಾತ್ರೆಯ ಅಂಚು ನೋಡಿ. ಐದು ನಿಮಿಷದಲ್ಲಿ ಹತ್ತು ಸಲ ಹೋಗಿ ಬಂದರೆ ಹತ್ತು ಸಲ ಅಭ್ಯಾಸ ಆಯಿತು ಅಂತ ಲೆಕ್ಕ. ಧ್ಯಾನದ ಶಿಬಿರಗಳಲ್ಲಿ ಹೇಳಿಕೊಡುವ ಕೆಲಸದ ತಿರುಳೂ ಇದೇ, ಅಲ್ಲಿ ಹಾಲಿನ ಬದಲು ಉಸಿರು. ಉಸಿರಿಗಿಂತ ಹಾಲಿನಲ್ಲಿ ಒಂದು ಅನುಕೂಲವಿದೆ. ಗಮನ ಪೂರ್ತಿ ತಪ್ಪಿದರೆ ಅದು ತಾನೇ ಸುಯ್ ಅಂತ ಕರೆಯುತ್ತದೆ.

ಮನೆಯಲ್ಲಿ ಹಾಲು ಕಾಯಿಸುವವರು ಬೇರೆಯವರಾದರೆ? ಮನೆ ಮುಂದೆ ರಂಗೋಲಿ ಹಾಕುವ ಹೊತ್ತು ಇದೆ. ಬಾಲ್ಕನಿಯ ತುಳಸಿಗೆ ನೀರು ಹಾಕುವ ಹೊತ್ತು ಇದೆ. ಸೋಲಾರ್‌ನಿಂದ ಬಿಸಿನೀರು ಇಳಿದು ಬರುವವರೆಗೆ ತಣ್ಣೀರನ್ನು ಬಕೆಟ್ಟಿಗೆ ಹಿಡಿಯುತ್ತಾ ನಿಲ್ಲುತ್ತೀರಲ್ಲ, ಅದು ಬಲೇ ಒಳ್ಳೆಯ ಹೊತ್ತು. ಪಿಜಿಯಲ್ಲಿರುವ ಹುಡುಗರಿಗೂ ಅದು ಉಂಟು, ಜೊತೆಗೆ ಬಾತ್‌ರೂಮಿನ ಹೊರಗೆ ಕಾಯುವ ಹೊತ್ತೂ ಉಂಟು.

ಕೆಂಪು ದೀಪದ ಕೆಳಗೆ

ಎರಡನೆಯದು ಸಿಗ್ನಲ್. ಮೆಟ್ರೋ ಬರುವ ಮುಂಚೆ ನಾನು ಹನುಮಂತನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬೈಕಿನಲ್ಲಿ ಹೋಗುತ್ತಿದ್ದೆ. ಸಿಲ್ಕ್ ಬೋರ್ಡ್ ಹತ್ತಿರ ಬರುವಾಗಲೇ ಭುಜ ಕಿವಿಯವರೆಗೆ ಏರಿರುತ್ತಿತ್ತು.

ಕೀ ಆಫ್ ಮಾಡುವುದೇ ಇಲ್ಲಿ ಗೂಟ. ಗಾಡಿ ಆಫ್ ಆದ ತಕ್ಷಣ ಭುಜ ಇಳಿಸಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಹಲವು ಸಿಗ್ನಲ್‌ಗಳಲ್ಲಿ ಸೆಕೆಂಡ್ ತೋರಿಸುವ ಅಂಕಿ ಇರುತ್ತದೆ, ನೀವು ಎಣಿಸುವುದೂ ಬೇಡ. ತೊಂಬತ್ತು ಸೆಕೆಂಡಿಗೆ ಒಂಬತ್ತು ಉಸಿರು. ಇದರಲ್ಲಿ ಗುಟ್ಟಿರುವುದು ಹೊರಗೆ ಬಿಡುವ ಉಸಿರಿನಲ್ಲಿ. ಉಸಿರು ಒಳಗೆ ತೆಗೆದುಕೊಂಡಾಗ ಎದೆಬಡಿತ ಒಂಚೂರು ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮನೆಯಲ್ಲಿ ಮಣಿಕಟ್ಟಿನ ನಾಡಿ ಹಿಡಿದು ನೋಡಿ, ಹಲವರಿಗೆ ಬೆರಳಿಗೇ ಸಿಗುತ್ತದೆ. ಬಿಡುವ ಉಸಿರು ಉದ್ದವಾದಷ್ಟೂ ಮೈ ಹದಕ್ಕೆ ಬರುತ್ತದೆ.

ಮೂರು ಎಚ್ಚರಿಕೆ. ಗಾಡಿ ಮೇಲೆ ಕಣ್ಣು ಮುಚ್ಚಬೇಡಿ. ಮುಂದಿನ ಲಾರಿ ಕರಿ ಹೊಗೆ ಉಗುಳುತ್ತಿದ್ದರೆ ಆ ಸಿಗ್ನಲ್‌ನಲ್ಲಿ ಇದನ್ನು ಬಿಟ್ಟುಬಿಡಿ. ಹೊಗೆಯನ್ನು ನಿಧಾನಕ್ಕೆ ಎಳೆದುಕೊಂಡರೆ ಯಾವ ಪುಣ್ಯವೂ ಇಲ್ಲ. ತಲೆ ಸುತ್ತಿದ ಹಾಗಾದರೆ ಲೆಕ್ಕ ಬಿಟ್ಟು ಮಾಮೂಲಿಯಾಗಿ ಉಸಿರಾಡಿ.

ಹಸಿರು ದೀಪ ಬಿದ್ದ ಅರೆಕ್ಷಣಕ್ಕೇ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅದಕ್ಕೆ ಮದ್ದು ನನಗೆ ಇನ್ನೂ ಸಿಕ್ಕಿಲ್ಲ.

ಒಂದು ಮರ ನಿಮ್ಮದಾಗಲಿ

ದಿನಾ ಓಡಾಡುವ ದಾರಿಯಲ್ಲಿ ಒಂದೇ ಒಂದು ಮರ ಆರಿಸಿಕೊಳ್ಳಿ. ಅದರ ಮುಂದೆ ಬಂದಾಗ ಒಂದು ಸಲ ತಲೆ ಎತ್ತಿ ನೋಡಿ. ಇಷ್ಟೇ ಕೆಲಸ. ವರ್ಷಪೂರ್ತಿ.

ಬೇರೆ ಊರಿಗಿಂತ ಇಲ್ಲಿ ಇದು ಸುಲಭ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗೆಲ್ ಈ ಊರಿನ ಬೀದಿಮರಗಳನ್ನು ಒಂದು ಲೆಕ್ಕಾಚಾರದಿಂದ ಆರಿಸಿದರು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷದಲ್ಲಿ ಯಾವಾಗ ನೋಡಿದರೂ ಎಲ್ಲೋ ಒಂದು ಬೀದಿಯಲ್ಲಿ ಹೂ ಇರಬೇಕು ಅನ್ನುವುದು ಅವರ ಯೋಚನೆ. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರದೇ ಹೆಸರಿದೆ. ಈಗಲೂ ನೋಡಿ: ವರ್ಷದ ಶುರುವಿನಲ್ಲಿ ಗುಲಾಬಿ ಬಣ್ಣದ ತಬೇಬುಯಾ, ಮಾರ್ಚ್ ಹೊತ್ತಿಗೆ ನೇರಳೆ ಜಕರಂದ, ಯುಗಾದಿಯ ಸುತ್ತಮುತ್ತ ಹೊಂಗೆಯ ತಿಳಿಹಸಿರು ಚಿಗುರು, ಏಪ್ರಿಲ್ ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್.

ನನ್ನದು ಒಂದು ಮಳೆಮರ. ಹೂವಿಗಿಂತ ಅದರ ಎಲೆಯ ಆಟ ನನಗೆ ಇಷ್ಟ. ಸಂಜೆಯಾದರೆ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಮೋಡ ಕವಿದರೂ ಹಾಗೇ. ಆಫೀಸಿನಿಂದ ಬರುವಾಗ ಎಲೆ ಇನ್ನೂ ಬಿಚ್ಚಿಕೊಂಡಿದ್ದರೆ ಇವತ್ತು ಬೇಗ ಬಂದೆ ಅಂತ ಅರ್ಥ. ತಿಂಗಳಿಗೆ ಒಂದೆರಡು ಸಲ ಆ ಭಾಗ್ಯ ಸಿಗುತ್ತದೆ.

ನಡಿಗೆಯ ಮಾತೂ ಇಲ್ಲೇ ಮುಗಿಸುತ್ತೇನೆ. ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ರಾತ್ರಿ ಹಾಲ್‌ನಲ್ಲಿ ಸುತ್ತು ಹಾಕಬೇಡಿ. ಆ ಅಂಕಿ ವೈದ್ಯರು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸುವ ಮೀಟರಿನ ಹೆಸರೇ "ಹತ್ತು ಸಾವಿರ ಹೆಜ್ಜೆ ಮೀಟರ್" ಅಂತ ಇತ್ತು. ನಡೆಯುವುದು ಒಳ್ಳೆಯದೇ, ನಿಮ್ಮ ಕೈಲಾದಷ್ಟು ನಡೆಯಿರಿ. ಭಾನುವಾರ ಬಿಡುವಾದರೆ ಲಾಲ್‌ಬಾಗಿನ ಬಂಡೆ ಹತ್ತಿ ಕೂತು ಬನ್ನಿ. ಹೈದರಾಲಿ ತೋಟ ಶುರು ಮಾಡಿಸಿದ್ದು 1760ರಲ್ಲಿ. ಕೆಂಪೇಗೌಡರ ಗೋಪುರ ಅದಕ್ಕೂ ಹಳೆಯದು. ಗೋಪುರ ಹೊತ್ತು ಕೂತ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಪ್ರೈಸಲ್ ಮುಗಿದ ವಾರ ಹೋದರೆ ಇನ್ನೂ ಒಳ್ಳೆಯದು.

"ನಾಳೆ ಹೇಳ್ತೀನಿ"

ಮನಶ್ಶಾಂತಿಯ ಬಗ್ಗೆ ಬರೆಯುವವರು ಇದನ್ನು ಯಾಕೋ ಹೇಳುವುದಿಲ್ಲ. ನನ್ನ ನೆಮ್ಮದಿ ಜಾಸ್ತಿ ಕೆಟ್ಟಿದ್ದು ಯೋಚನೆಗಳಿಂದಲ್ಲ, ಒಪ್ಪಿಕೊಂಡ ಕೆಲಸಗಳಿಂದ. ನಮ್ಮೂರಿನ ಮಂತ್ರ ಗೊತ್ತಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿ. ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಕೊಡುವುದಕ್ಕೆ ಅದು ಸೊಗಸಾದ ಮಾತು. ದಿನದ ಇಪ್ಪತ್ತನಾಲ್ಕು ಗಂಟೆಗೆ ಅದನ್ನೇ ಮಾಡಿದರೆ ಕೊನೆಗೆ ನಾವೇ ಸೀಟಿನ ತುದಿಯಲ್ಲಿ ನೇತಾಡಬೇಕಾಗುತ್ತದೆ.

ಸಂಘದ ಕಾರ್ಯದರ್ಶಿ ಆಗಿ ಅಂತಾರೆ. ಶನಿವಾರ ಒಂದು ಕಾಲ್ ಸೇರಿಕೊಳ್ಳಿ ಅಂತಾರೆ. ಭಾವನವರ ಸ್ನೇಹಿತರ ಮಗನ ರೆಸ್ಯೂಮ್ ನೋಡಿ ಅಂತಾರೆ. ಇಲ್ಲ ಅನ್ನುವುದಕ್ಕೆ ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಅದಕ್ಕೇ ನಡುದಾರಿ ಹಿಡಿದೆ. ಯಾರು ಏನೇ ಕೇಳಿದರೂ ಮೊದಲ ಉತ್ತರ, "ನಾಳೆ ಹೇಳ್ತೀನಿ." ರಾತ್ರಿ ಕ್ಯಾಲೆಂಡರ್ ನೋಡಿ, ಹೆಂಡತಿಯನ್ನು ಕೇಳಿ, ಮರುದಿನ ನಾನೇ ಫೋನ್ ಮಾಡಿ ಹೌದು ಅಥವಾ ಆಗಲ್ಲ ಅಂತ ಹೇಳುತ್ತೇನೆ. ಈ ಕೊನೆಯ ಭಾಗ ಮರೆಯಬೇಡಿ. ನಾಳೆ ಅಂದು ಸುಮ್ಮನಾದರೆ ಅದು ಅಭ್ಯಾಸವಲ್ಲ, ಕೈಕೊಡುವುದು.

ರಾತ್ರಿ: ಒಂದು ಚೀಟಿ, ಒಂದು ಚಾರ್ಜರ್

ಮಲಗುವ ಮುಂಚೆ ಒಂದು ಚೀಟಿಯಲ್ಲಿ ನಾಳೆಯ ಕೆಲಸ ಬರೆಯಿರಿ. ಐದು ನಿಮಿಷ ಸಾಕು. ಡೈರಿ ಬೇಡ, ಹಳೇ ಬಿಲ್ಲಿನ ಹಿಂಬದಿ ಸಾಕು. ದಪ್ಪ ಡೈರಿ ಕಂಡರೆ ಚೆನ್ನಾಗಿ ಬರೆಯಬೇಕು ಅನಿಸುತ್ತದೆ, ಅಲ್ಲಿಗೆ ಕಥೆ ಮುಗಿಯಿತು. "ಗ್ಯಾಸ್ ಬುಕ್ ಮಾಡಬೇಕು. ಮಗಳ ಫಾರಂಗೆ ಸೈನ್. ಮ್ಯಾನೇಜರ್‌ಗೆ ರಜೆ ಕೇಳಬೇಕು, ಹೆದರಿಕೆ ಆಗ್ತಿದೆ." ಇಷ್ಟು ಸಪ್ಪೆಯಾಗೇ ಇರಲಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ ಯುವತಿಯರ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ, ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಸಣ್ಣ ಪರೀಕ್ಷೆಯೇ. ಆದರೆ ತಲೆಯೊಳಗೆ ಸುತ್ತುತ್ತಿದ್ದದ್ದು ಕಾಗದಕ್ಕೆ ಇಳಿದರೆ ಹಗುರಾಗುತ್ತದೆ ಅನ್ನುವುದು ನನ್ನ ಅನುಭವವೂ ಹೌದು.

ಚೀಟಿ ಬರೆದ ಮೇಲೆ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಚಾರ್ಜರ್ ಅಲ್ಲೇ ಇರಬೇಕು, ಮಲಗುವ ಕೋಣೆಯ ಪ್ಲಗ್ ಖಾಲಿ ಇರಬೇಕು. ಅಲಾರಂ ಬೇಕಲ್ಲ ಅಂತೀರಾ? ಒಂದು ಪುಟ್ಟ ಗಡಿಯಾರ ತನ್ನಿ. ರಾತ್ರಿ ತುರ್ತು ಕರೆ ಬರಬಹುದಾದ ಮನೆಯಾದರೆ ರಿಂಗ್ ಜೋರಾಗಿಟ್ಟರೆ ಸಾಕು. ಹಾಲ್‌ನಿಂದಲೂ ಕೇಳಿಸುತ್ತದೆ, ನಮ್ಮ ಮನೆಗಳೇನು ಅರಮನೆಗಳಾ? ಬೆಳಗ್ಗೆ ಹಾಲಿಡುವಾಗ ಫೋನ್ ಆಗಲೇ ದೂರದಲ್ಲಿರುತ್ತದೆ, ಮೊದಲ ಅಭ್ಯಾಸಕ್ಕೂ ಅನುಕೂಲ. ಫೋನ್ ಬಿಡುವುದು ನಿಜಕ್ಕೂ ಕೈಮೀರಿದೆ ಅನಿಸಿದರೆ ನಾಚಿಕೆ ಬೇಡ. ನಿಮ್ಹಾನ್ಸ್‌ನವರು 2014ರಲ್ಲೇ ಅದಕ್ಕೆಂದೇ ಒಂದು ಕ್ಲಿನಿಕ್ ತೆರೆದಿದ್ದಾರೆ.

ಕಾಫಿ ಬಗ್ಗೆ ಒಂದೇ ಮಾತು. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಐದು ಗಂಟೆ ಬೇಕು. ಸಂಜೆ ಆರರ ಸ್ಟ್ರಾಂಗ್ ಕಾಫಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ನನ್ನ ಕೊನೆಯ ಲೋಟ ಈಗ ಮೂರು ಗಂಟೆಗೆ. ಬಿಡಿ ಅಂತ ಹೇಳುವಷ್ಟು ಕಟುಕ ನಾನಲ್ಲ.

ಮೆಟ್ರೋದಲ್ಲಿ ಐದು ಪುಟ

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ನನ್ನ ದಾರಿ ಬದಲಾಯಿತು. ಆರ್.ವಿ. ರಸ್ತೆಯಲ್ಲಿ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿ. ಹೋಗುವಾಗ ಐದು ಪುಟ, ಬರುವಾಗ ಐದು ಪುಟ. ತಿಂಗಳಿಗೆ ಇಪ್ಪತ್ತು ದಿನ ಓಡಾಡಿದರೂ ಇನ್ನೂರು ಪುಟ. ಸೀಟು ಸಿಗದಿದ್ದರೆ ನಿಂತೇ ಓದುವಂಥ ತೆಳ್ಳನೆಯ ಪುಸ್ತಕ ಇಟ್ಟುಕೊಳ್ಳಿ. ಅದೂ ಆಗದಷ್ಟು ನೂಕುನುಗ್ಗಲಿದ್ದರೆ ಒಂದು ವಚನ ಓದಿಕೊಂಡು ಹತ್ತಿ. ಕೆಲವೇ ಸಾಲು, ಬೊಮ್ಮನಹಳ್ಳಿ ದಾಟುವವರೆಗೂ ಬಾಯಲ್ಲಿ ಮೆಲುಕು ಹಾಕಬಹುದು. ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ, ಹಲವು ಬಡಾವಣೆಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಶಾಖೆ ಇದೆ. ಒಬ್ಬರೇ ಓದಲು ಬೇಜಾರಾದರೆ ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ. 2023ರಿಂದ ಅಲ್ಲಿ ಜನ ಚಾಪೆ ಹಾಸಿಕೊಂಡು, ಮಾತಿಲ್ಲದೆ, ತಮ್ಮ ತಮ್ಮ ಪುಸ್ತಕ ಓದುತ್ತಾ ಕೂರುತ್ತಾರೆ. ಪರಿಚಯ ಮಾಡಿಕೊಳ್ಳಬೇಕಾದ ಕಷ್ಟವೂ ಇಲ್ಲ.

ಇದರಿಂದ ಆಗದ್ದೂ ಇದೆ

ಎರಡು ವಾರಕ್ಕೂ ಜಾಸ್ತಿ ದಿನ ಮಂಕು ಕವಿದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ, ಹಾಲು ನೋಡುತ್ತಾ ನಿಂತರೆ ಸಾಲದು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಎರಡು ವಾರ ಕಾಯಬೇಡಿ. 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ಜ್ವರಕ್ಕೆ ಡಾಕ್ಟರ ಹತ್ತಿರ ಹೋದ ಹಾಗೆಯೇ ಅದೂ.

ತಪ್ಪಿದ ದಿನದ ಲೆಕ್ಕ

ತಪ್ಪುತ್ತದೆ. ಮನೆಗೆ ನೆಂಟರು ಬರುತ್ತಾರೆ, ಮಗುವಿಗೆ ಜ್ವರ ಬರುತ್ತದೆ, ಗೌರಿ ಗಣೇಶ ಬರುತ್ತದೆ. ಲಂಡನ್ನಿನ ಆ ಅಧ್ಯಯನದಲ್ಲೇ ಇನ್ನೊಂದು ಮಾತಿದೆ. ಒಂದು ದಿನ ತಪ್ಪಿದರೆ ರೂಢಿ ಬೀಳುವುದಕ್ಕೆ ಹೆಚ್ಚೇನೂ ಅಡ್ಡಿಯಾಗಲಿಲ್ಲ. ತಪ್ಪಿದ ದಿನಕ್ಕೆ ಮರುದಿನ ಎರಡರಷ್ಟು ಮಾಡಿ ತೀರಿಸುವ ಶೂರತನ ಬೇಡ. ಮರುದಿನ ಮಾಮೂಲಿಯಷ್ಟೇ ಮಾಡಿ.

ಲೆಕ್ಕ ಇಡಲು ಆ್ಯಪ್ ಬೇಡ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸಾಕು. ನಮ್ಮನೆಯದರಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾರೆ, ಸಿಲಿಂಡರ್ ಬದಲಿಸಿದ ದಿನಕ್ಕೆ ಸುತ್ತು ಹಾಕುತ್ತಾರೆ, ಏಕಾದಶಿ ನೋಡುತ್ತಾರೆ. ಅದೇ ಚೌಕದ ಮೂಲೆಯಲ್ಲಿ ನಾನೊಂದು ಚುಕ್ಕಿ ಇಡುತ್ತೇನೆ. ಕಳೆದ ತಿಂಗಳು ಹತ್ತೊಂಬತ್ತು ಚುಕ್ಕಿ ಇದ್ದವು. ಹಾಲು ಉಕ್ಕಿದ್ದು ಒಂದೇ ಸಲ. ಅವತ್ತು ಒಲೆ ಮುಂದೆ ಫೋನ್ ಹಿಡಿದು ನಿಂತಿದ್ದವರು ಅಮ್ಮ.